ಮ್ಯೂನಿಕ್‌ನಲ್ಲಿ ಮೂರು ವಾರ: ಕಾರಿಲ್ಲದೆ ಊರು ಸುತ್ತುವುದು, ಒಂದು ದಿನದ ಪ್ರವಾಸಗಳನ್ನು ಹೊಂದಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಿವೃತ್ತ ಇತಿಹಾಸ ಶಿಕ್ಷಕ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ನಾನೂ ನನ್ನ ಶ್ರೀಮತಿಯೂ 2026ರ ಮೇ 18ರ ಸುಮಾರಿಗೆ ಹೋಗಿ ಜೂನ್ 10ರವರೆಗೆ ಅವನ ಮನೆಯಲ್ಲಿದ್ದು ಬರಬೇಕೆಂದಿದ್ದೇವೆ. ವೀಸಾ ಜುಲೈ ಕೊನೆಯವರೆಗೆ ಸಿಕ್ಕಿದೆ. ವಿಮಾನದ ಟಿಕೆಟ್ ಮಾತ್ರ ಇನ್ನೂ ತೆಗೆಸಿಲ್ಲ.

ಮಗನಿಗೆ ಸೋಮವಾರದಿಂದ ಶುಕ್ರವಾರದವರೆಗೆ ಕಚೇರಿ, ಮನೆಯಲ್ಲಿ ಕಾರೂ ಇಲ್ಲ. ಶನಿವಾರ ಬರಲಿ ಎಂದು ಐದು ದಿನ ಕಿಟಕಿಯ ಬಳಿ ಕಾದು ಕೂರಲು ನಮಗಿಬ್ಬರಿಗೂ ಮನಸ್ಸಿಲ್ಲ. ಸೇವೆಯಲ್ಲಿದ್ದಾಗ ನಾನು ಶಾಲೆಯ ಮಕ್ಕಳನ್ನು ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲೇ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹಾಸನದಿಂದ ಬೇಲೂರು, ಬೇಲೂರಿನಿಂದ ಹಳೇಬೀಡು, ಅಲ್ಲಿಂದ ನೇರವಾಗಿ ಹಾಸನ ಎಂದು, ಹೋದ ದಾರಿಯಲ್ಲೇ ಮರಳದಂತೆ, ಕೊನೆಯ ಬಸ್ಸಿಗೆ ಮುಂಚಿನ ಬಸ್ಸನ್ನೇ ಗುರಿಯಾಗಿಟ್ಟುಕೊಂಡು ದಿನವನ್ನು ಹೊಂದಿಸುವ ಅಭ್ಯಾಸ ನನಗೆ ಚೆನ್ನಾಗಿಯೇ ಇದೆ. ಆದರೆ ಆ ಊರಿನಲ್ಲಿ ನಿರ್ವಾಹಕರೇ ಇರುವುದಿಲ್ಲವಂತೆ, ಟಿಕೆಟ್ ತೆಗೆದುಕೊಂಡರೂ ತಪ್ಪಾದರೆ ದಂಡ ಕಟ್ಟಬೇಕಂತೆ ಎಂದು ಕೇಳಿ ಸ್ವಲ್ಪ ಅಳುಕಾಗಿದೆ.

ನಾವಿಬ್ಬರೂ ಅರವತ್ತೈದು ದಾಟಿದವರು. ಶ್ರೀಮತಿಗೆ ಮಂಡಿನೋವಿದೆ, ಸಮತಟ್ಟಾದ ನೆಲದಲ್ಲಿ ಎರಡು ಮೂರು ಕಿಲೋಮೀಟರ್ ನಡೆಯಬಲ್ಲರು, ಮೆಟ್ಟಿಲು ಹತ್ತುವುದು ಕಷ್ಟ. ಜರ್ಮನ್ ಭಾಷೆ ಬಾರದು, ಇಂಗ್ಲಿಷ್ ಓದಿ ವ್ಯವಹರಿಸಬಲ್ಲೆವು. ಯಾವ ಬಗೆಯ ಟಿಕೆಟ್ ಅಥವಾ ಪಾಸು ನಮಗೆ ಅನುಕೂಲ, ನಗರದೊಳಗೆ ಓಡಾಡುವಾಗ ಯಾವ ವಿಷಯದಲ್ಲಿ ಎಚ್ಚರ ಬೇಕು, ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳುವಂತಹ ಯಾವ ಊರುಗಳಿಗೆ ಹೋಗಿಬರಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಕಲೇಶಪುರದವಳು, ಎಂಟು ವರ್ಷದಿಂದ ಮ್ಯೂನಿಕ್ ವಾಸಿ

ಮೇಷ್ಟ್ರೇ, ನಮಸ್ಕಾರ. ನಮ್ಮ ಅಪ್ಪ ಅಮ್ಮ ಎರಡು ಸಲ ಇಲ್ಲಿಗೆ ಬಂದು, ಎರಡನೆಯ ಸಲ ನನ್ನ ನೆರವಿಲ್ಲದೆಯೇ ಊರೂರು ತಿರುಗಿದ್ದಾರೆ. ಆದ್ದರಿಂದ ಅಳುಕು ಬೇಡ. ವಿಮಾನದ ಟಿಕೆಟ್ ತೆಗೆಸುವ ಮೊದಲೇ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ನನ್ನ ಮೊದಲ ಸಲಹೆ ನಿಮ್ಮ ದಿನಾಂಕದ ಬಗ್ಗೆಯೇ ಇದೆ.

ಇಲ್ಲಿ 2023ರ ಮೇ ತಿಂಗಳಿನಿಂದ ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಮಾಸಿಕ ಪಾಸು ಜಾರಿಯಲ್ಲಿದೆ. ಆಗ 49 ಯೂರೋ ಇದ್ದದ್ದು 2025ರಲ್ಲಿ 58 ಆಗಿ, 2026ರ ಜನವರಿಯಿಂದ 63 ಯೂರೋ ಆಗಿದೆ. ಇದೊಂದು ಇದ್ದರೆ ಮ್ಯೂನಿಕ್‌ನ ನೆಲದಡಿಯ ರೈಲು, ಉಪನಗರ ರೈಲು, ಟ್ರಾಮ್, ಬಸ್ಸು ಮಾತ್ರವಲ್ಲದೆ ಇಡೀ ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲೆಲ್ಲ ಓಡಾಡಬಹುದು. ಐಸಿಇ, ಐಸಿ ಎಂದು ಬರೆದಿರುವ ವೇಗದ ರೈಲುಗಳಲ್ಲಿ ಮಾತ್ರ ಇದು ನಡೆಯುವುದಿಲ್ಲ. ಆದರೆ ಈ ಪಾಸು ಕೊಂಡ ದಿನದಿಂದ ಮೂವತ್ತು ದಿನ ಎಂಬ ಲೆಕ್ಕದ್ದಲ್ಲ. ತಿಂಗಳ ಒಂದನೆಯ ತಾರೀಖಿನಿಂದ ಕೊನೆಯ ತಾರೀಖಿನವರೆಗೆ ಎಂಬ ಲೆಕ್ಕದ್ದು. ನೀವು ಮೇ 18ಕ್ಕೆ ಬಂದು ಜೂನ್ 10ಕ್ಕೆ ಹೊರಟರೆ ಇಬ್ಬರಿಗೂ ಎರಡೆರಡು ತಿಂಗಳ ಹಣ, ಅಂದರೆ 252 ಯೂರೋ ಕಟ್ಟಬೇಕಾಗುತ್ತದೆ. ಅದೇ ಮೂರು ವಾರವನ್ನು ಪೂರ್ತಿಯಾಗಿ ಜೂನ್ ತಿಂಗಳಿನೊಳಗೆ ಕೂರಿಸಿದರೆ 126 ಯೂರೋಗಳಲ್ಲಿ ಎಲ್ಲವೂ ಮುಗಿಯುತ್ತದೆ, ವಿಮಾನ ನಿಲ್ದಾಣದಿಂದ ಮನೆಗೆ ಬರುವ ಉಪನಗರ ರೈಲೂ ಅದರಲ್ಲೇ ಸೇರುತ್ತದೆ. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ದೂರದ ಊರಿಗೆ ಹೋಗಿ ಬರಲು ಅದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಇದು ಪ್ರತಿ ತಿಂಗಳೂ ತಾನಾಗಿ ಮುಂದುವರಿಯುವ ಪಾಸಾದ್ದರಿಂದ, ಆ ತಿಂಗಳಿಗೇ ಮುಗಿಯಬೇಕೆಂದರೆ ಅದೇ ತಿಂಗಳ 10ನೆಯ ತಾರೀಖಿನೊಳಗೆ ನಿಮ್ಮ ಮಗ ಅದನ್ನು ರದ್ದುಪಡಿಸಬೇಕು. ಇದನ್ನು ಮರೆತು ಮುಂದಿನ ತಿಂಗಳ ಹಣವನ್ನೂ ಕಟ್ಟಿದವರು ನನ್ನ ಪರಿಚಯದಲ್ಲೇ ಇದ್ದಾರೆ.

ದಂಡದ ವಿಷಯ ನೀವು ಕೇಳಿದ್ದು ನಿಜ. ನಿಲ್ದಾಣದ ಬಾಗಿಲಲ್ಲಿ ತಡೆಗೇಟುಗಳಿಲ್ಲ, ಗಾಡಿಯಲ್ಲಿ ನಿರ್ವಾಹಕರಿಲ್ಲ. ಸಾಮಾನ್ಯ ಉಡುಪಿನಲ್ಲಿರುವ ತಪಾಸಣೆಯವರು ಯಾವಾಗ ಬೇಕಾದರೂ ಹತ್ತಿ ಟಿಕೆಟ್ ಕೇಳುತ್ತಾರೆ. ಕಾಗದದ ಟಿಕೆಟ್ ಕೊಂಡವರು ಪ್ರಯಾಣ ಆರಂಭಿಸುವ ಮೊದಲು ನೀಲಿ ಬಣ್ಣದ ಚಿಕ್ಕ ಯಂತ್ರದಲ್ಲಿ ಅದನ್ನು ತೂರಿಸಿ ದಿನಾಂಕ ಮತ್ತು ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆಯಿಲ್ಲದ ಟಿಕೆಟ್ ಇಲ್ಲಿ ಟಿಕೆಟ್ಟೇ ಅಲ್ಲ, ದಂಡ 60 ಯೂರೋ. ಹೊಸಬರು ಸಿಕ್ಕಿಬೀಳುವುದು ಬಹುಪಾಲು ಇಲ್ಲಿಯೇ, ಮೋಸ ಮಾಡುವ ಉದ್ದೇಶದಿಂದಲ್ಲ. ಮಾಸಿಕ ಪಾಸು ಇದ್ದವರಿಗೆ ಈ ಮುದ್ರೆಯ ಗೋಜೇ ಇಲ್ಲ. ಹಿರಿಯರಿಗೆ ಪಾಸು ಮಾಡಿಸಿಕೊಡಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದಕ್ಕೆ ಹಣದ ಉಳಿತಾಯಕ್ಕಿಂತ ಈ ನೆಮ್ಮದಿಯೇ ದೊಡ್ಡ ಕಾರಣ. ಪಾಸಿನ ಮೇಲೆ ಹೆಸರಿರುವುದರಿಂದ ಗುರುತಿಗಾಗಿ ಪಾಸ್‌ಪೋರ್ಟ್ ಜೊತೆಯಲ್ಲಿರಲಿ.

ನಗರದ ನಕ್ಷೆಯನ್ನು ಮನಸ್ಸಿನಲ್ಲಿ ಹೀಗೆ ಕೂರಿಸಿಕೊಳ್ಳಿ. ಯು ಎಂದು ಗುರುತಿಸಿದ ನೆಲದಡಿಯ ರೈಲು 1971ರಲ್ಲಿ, ಎಸ್ ಎಂದು ಗುರುತಿಸಿದ ಉಪನಗರ ರೈಲು 1972ರ ಒಲಿಂಪಿಕ್ ಕ್ರೀಡಾಕೂಟಕ್ಕೆ ಸ್ವಲ್ಪ ಮೊದಲು ಆರಂಭವಾದವು. ಎಸ್ ಮಾರ್ಗಗಳು ಹೆಚ್ಚುಕಡಿಮೆ ಎಲ್ಲವೂ ಊರಿನ ನಡುವೆ ಒಂದೇ ಸುರಂಗದಲ್ಲಿ, ಅಂದರೆ ಮುಖ್ಯ ರೈಲು ನಿಲ್ದಾಣ, ಕಾರ್ಲ್ಸ್‌ಪ್ಲಾಟ್ಸ್, ಮರಿಯನ್‌ಪ್ಲಾಟ್ಸ್, ಇಸಾರ್‌ಟೋರ್, ಪೂರ್ವ ನಿಲ್ದಾಣ ಎಂಬ ಸಾಲಿನಲ್ಲಿ ಹಾದುಹೋಗುತ್ತವೆ. ಹೀಗಾಗಿ ಅನುಕೂಲವೂ ಅಲ್ಲೇ, ತೊಂದರೆಯೂ ಅಲ್ಲೇ: ಸುರಂಗದ ಒಂದು ಕಡೆ ಏನಾದರೂ ಕೆಟ್ಟರೆ ಎಲ್ಲ ಮಾರ್ಗಗಳೂ ಏಕಕಾಲಕ್ಕೆ ತಡವಾಗುತ್ತವೆ. ಅದಕ್ಕೆ ಜೋಡಿಯಾಗಿ ಎರಡನೆಯ ಸುರಂಗವನ್ನು 2017ರಿಂದ ಕಟ್ಟುತ್ತಿದ್ದಾರೆ. ಅಂತಹ ದಿನ ಯು5 ಹತ್ತಿದರೆ ಮುಖ್ಯ ನಿಲ್ದಾಣದಿಂದ ಪೂರ್ವ ನಿಲ್ದಾಣಕ್ಕೆ ಬೇರೆ ದಾರಿಯಲ್ಲಿ ತಲುಪಬಹುದು. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಒಂದಲ್ಲ ಒಂದು ದಿನ ಉಪಯೋಗಕ್ಕೆ ಬರುತ್ತದೆ.

ಅಮ್ಮನವರ ಮಂಡಿಯ ವಿಷಯದಲ್ಲಿ ಚಿಂತೆ ಬೇಡ. ನೆಲದಡಿಯ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಚಲಿಸುವ ಮೆಟ್ಟಿಲಲ್ಲಿ ಬಲಕ್ಕೆ ನಿಂತು ಅವಸರದಲ್ಲಿರುವವರಿಗೆ ಎಡಭಾಗ ಬಿಡುವುದು ಇಲ್ಲಿನ ರೂಢಿ. ಬಹಳಷ್ಟು ಗಾಡಿಗಳಲ್ಲಿ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ನಮ್ಮ ಅಪ್ಪ ಮೊದಲ ದಿನ ಬಾಗಿಲು ತೆರೆಯಲೆಂದು ಕಾಯುತ್ತ ನಿಂತು ಒಂದು ರೈಲು ಕಳೆದುಕೊಂಡಿದ್ದರು. ಮುಖ್ಯ ನಿಲ್ದಾಣದ ಎರಡು ಪಕ್ಕಗಳಲ್ಲಿರುವ ಪ್ಲಾಟ್‌ಫಾರ್ಮ್‌ಗಳು, ಅಂದರೆ 5ರಿಂದ 10 ಮತ್ತು 27ರಿಂದ 36, ನಡುವಿನ ಹಜಾರದಿಂದ ಸಾಕಷ್ಟು ದೂರದಲ್ಲಿವೆ. ಪ್ರಾದೇಶಿಕ ರೈಲುಗಳು ಅಲ್ಲಿಂದಲೂ ಹೊರಡುತ್ತವೆ. ನಿಮ್ಮ ನಡಿಗೆಗೆ ಇಪ್ಪತ್ತು ನಿಮಿಷ ಮುಂಚಿತವಾಗಿ ಅಲ್ಲಿರುವುದು ಕ್ಷೇಮ. ಹಳದಿ ಫಲಕದಲ್ಲಿರುವುದು ಹೊರಡುವ ಗಾಡಿಗಳ ಪಟ್ಟಿ, ಬಿಳಿಯದು ಬರುವ ಗಾಡಿಗಳದ್ದು. ಗ್ಲೈಸ್ ಎಂದರೆ ಪ್ಲಾಟ್‌ಫಾರ್ಮ್ ಸಂಖ್ಯೆ, ಫೆಲ್ಟ್ ಆಉಸ್ ಎಂದು ಕಂಡರೆ ಆ ಗಾಡಿ ರದ್ದಾಗಿದೆ ಎಂದರ್ಥ. ಮೊಬೈಲಿನಲ್ಲಿ ಡಿಬಿ ನ್ಯಾವಿಗೇಟರ್ ಎಂಬ ಜರ್ಮನ್ ರೈಲ್ವೆಯ ಆ್ಯಪ್ ಇಳಿಸಿಕೊಂಡು, ಅದರಲ್ಲಿ ಪ್ರಾದೇಶಿಕ ಸಾರಿಗೆ ಮಾತ್ರ ತೋರಿಸು ಎಂಬ ಆಯ್ಕೆಯನ್ನು ಗುರುತು ಹಾಕಿಡಿ. ಹಾಗೆ ಮಾಡದಿದ್ದರೆ ನಿಮ್ಮ ಪಾಸು ನಡೆಯದ ವೇಗದ ರೈಲನ್ನೇ ಅದು ಮೊದಲು ತೋರಿಸುತ್ತದೆ.

ಮೊದಲ ನಾಲ್ಕು ದಿನ ಊರು ಬಿಟ್ಟು ಹೋಗಬೇಡಿ. ಮರಿಯನ್‌ಪ್ಲಾಟ್ಸ್‌ನಲ್ಲಿ ಹನ್ನೊಂದು ಗಂಟೆಗೆ ಗಡಿಯಾರದ ಬೊಂಬೆಗಳು ಕುಣಿಯುವುದನ್ನು ನೋಡಿ, ಅದೇ ನಗರಸಭೆಯ ಗೋಪುರಕ್ಕೆ ಲಿಫ್ಟ್‌ನಲ್ಲಿ ಹತ್ತಿ. ಎದುರಿನ ಸಂತ ಪೀಟರ್ ಚರ್ಚಿನ ಗೋಪುರಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವುದರಿಂದ ಅದು ಬೇಡ. ಮುಖ್ಯ ನಿಲ್ದಾಣದಿಂದ ಹೊರಡುವ 100ನೆಯ ಸಂಖ್ಯೆಯ ಬಸ್ಸು ವಸ್ತುಸಂಗ್ರಹಾಲಯಗಳ ಮುಂದೆಯೇ ಸಾಗುತ್ತದೆ. ಪಿನಕೋಟೆಕ್ ಚಿತ್ರಶಾಲೆಗಳಿಗೆ ಭಾನುವಾರ ಪ್ರವೇಶ ಒಂದೇ ಯೂರೋ. ಭಾನುವಾರ ಇಲ್ಲಿ ಅಂಗಡಿಗಳು ಮುಚ್ಚಿರುವುದರಿಂದ ಆ ದಿನ ಚಿತ್ರಶಾಲೆಗೆ ಸರಿಹೊಂದುತ್ತದೆ.

ಹೊರಗಿನ ಊರುಗಳಲ್ಲಿ ನಿಮಗೆ ನನ್ನ ಮೊದಲ ಆಯ್ಕೆ ಆಸ್ಟ್ರಿಯದ ಸಾಲ್ಜ್‌ಬರ್ಗ್. ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಬೇರೆ ದೇಶವಾದರೂ ನಿಮ್ಮ ಪಾಸು ಅಲ್ಲಿನ ಮುಖ್ಯ ನಿಲ್ದಾಣದವರೆಗೆ ನಡೆಯುತ್ತದೆ. ಅಲ್ಲಿಂದ ಮುಂದಿನ ನಗರ ಬಸ್ಸಿಗೆ ಮಾತ್ರ ಬೇರೆ ಟಿಕೆಟ್ ಬೇಕು. 1077ರಲ್ಲಿ ಕಟ್ಟಲು ತೊಡಗಿದ ಬೆಟ್ಟದ ಕೋಟೆಗೆ 1892ರಿಂದ ಹಗ್ಗದೆಳೆತದ ರೈಲು ಇರುವುದರಿಂದ ಅಮ್ಮನವರೂ ಮೇಲಕ್ಕೆ ಬರಬಹುದು.

ಉತ್ತರ 2: ಕಾಫಿ ಬೆಳೆಗಾರ, ಮೂಡಿಗೆರೆ

ಮೇಷ್ಟ್ರೇ, ಮೇಲಿನ ತಂಗಿ ಹೇಳಿರುವುದೆಲ್ಲ ಸರಿಯಾಗಿದೆ. ಎರಡು ವರ್ಷದ ಹಿಂದೆ ನಾವು ದಂಪತಿ ಮಗಳ ಮನೆಗೆ ಹೋಗಿದ್ದಾಗ ಅನುಭವದಿಂದ ಕಲಿತ ಒಂದು ವಿಷಯವನ್ನು ಸೇರಿಸಬಯಸುತ್ತೇನೆ.

ಅಲ್ಲಿ ಹಲವು ರೈಲುಗಳು ದಾರಿಯ ನಡುವೆ ಎರಡಾಗಿ ಒಡೆದು ಬೇರೆ ಬೇರೆ ಊರಿಗೆ ಹೋಗುತ್ತವೆ. ಹಿಂದೆ ಬೆಂಗಳೂರಿನಿಂದ ಹಾಸನದ ಮೇಲೆ ಬರುತ್ತಿದ್ದ ರಾತ್ರಿಯ ರೈಲು ಮಂಗಳೂರಿನಲ್ಲಿ ಎರಡಾಗಿ ಅರ್ಧ ಕಾರವಾರಕ್ಕೂ ಅರ್ಧ ಕಣ್ಣೂರಿಗೂ ಹೋಗುತ್ತಿದ್ದುದು ನಿಮಗೆ ನೆನಪಿರಬಹುದು. ಅದೇ ಪದ್ಧತಿ ಅಲ್ಲಿ ದಿನವಿಡೀ ನಡೆಯುತ್ತದೆ. ಟೇಗರ್ನ್‌ಸೇ ಎಂಬ ಸರೋವರದ ಊರಿಗೆಂದು ನಾವು ಸರಿಯಾದ ರೈಲನ್ನೇ ಹತ್ತಿದ್ದೆವು, ಆದರೆ ಖಾಲಿ ಇದೆಯೆಂದು ಸಿಕ್ಕಿದ ಬೋಗಿಯಲ್ಲಿ ಕುಳಿತೆವು. ಶಾಫ್ಟ್‌ಲಾಖ್ ಎಂಬಲ್ಲಿ ಗಾಡಿ ಒಡೆದು, ನಾವಿದ್ದ ಭಾಗ ನಮ್ಮನ್ನು ಲೆಂಗ್ರೀಸ್‌ಗೆ ಕರೆದೊಯ್ದಿತು. ಜರ್ಮನ್‌ನಲ್ಲಿ ಹೇಳಿದ ಸೂಚನೆ ನಮಗೆ ತಿಳಿದಿರಲಿಲ್ಲ, ಬೋಗಿಯ ಫಲಕವನ್ನು ನಾವು ಓದಿರಲಿಲ್ಲ. ಮರಳಿ ಬಂದು ಸರಿಯಾದ ಗಾಡಿ ಹಿಡಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ವಿಮಾನ ನಿಲ್ದಾಣದ ಎಸ್1 ಗಾಡಿಯೂ ಹೀಗೆಯೇ ನೊಯ್‌ಫಾರ್ನ್ ಎಂಬಲ್ಲಿ ಒಡೆದು ಒಂದು ಭಾಗ ಫ್ರೈಜಿಂಗ್‌ಗೆ ಹೋಗುತ್ತದೆ. ಮರಳುವ ದಿನ ಸಾಮಾನು ಹಿಡಿದುಕೊಂಡು ಆ ಗೊಂದಲಕ್ಕೆ ಸಿಕ್ಕದೆ, ಒಡೆಯದೆ ಹೋಗುವ ಎಸ್8 ಹಿಡಿಯಿರಿ. ಯಾವ ರೈಲಿನಲ್ಲಾದರೂ ಹತ್ತುವ ಮೊದಲು ಆ ಬೋಗಿಯ ಮೇಲೆಯೇ ಬರೆದಿರುವ ಊರಿನ ಹೆಸರನ್ನು ಓದಿಕೊಳ್ಳಿ.

ಸಾಲ್ಜ್‌ಬರ್ಗ್‌ನಿಂದ ಮರಳುವಾಗ ಗಡಿಯ ಊರಾದ ಫ್ರೈಲಾಸಿಂಗ್‌ನಲ್ಲಿ ಜರ್ಮನ್ ಪೊಲೀಸರು ಗಾಡಿ ಹತ್ತಿ ಪಾಸ್‌ಪೋರ್ಟ್ ನೋಡಿದರು. ಮೂಲ ಪಾಸ್‌ಪೋರ್ಟನ್ನು ಮನೆಯಲ್ಲಿ ಭದ್ರವಾಗಿಟ್ಟು ನಕಲು ಹಿಡಿದುಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ಸಲ್ಲದು. ಊಟಕ್ಕೆ ನಮ್ಮ ಮನೆಯವರು ಚಪಾತಿ, ಚಟ್ನಿಪುಡಿ, ಚಿತ್ರಾನ್ನದ ಬುತ್ತಿ ಕಟ್ಟುತ್ತಿದ್ದರು. ರೈಲಿನಲ್ಲಿ ಬುತ್ತಿ ಬಿಚ್ಚಿ ಉಣ್ಣುವುದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ.

ಉತ್ತರ 3: ಚಿಕ್ಕಮಗಳೂರಿನವನು, ಜರ್ಮನಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ

ಒಂದು ಭಿನ್ನಾಭಿಪ್ರಾಯವಿದೆ ಸರ್. ದಿನಾಂಕ ಬದಲಿಸಲು ಆಗದಿದ್ದರೆ ಎರಡು ತಿಂಗಳ ಪಾಸು ಕೊಳ್ಳಬೇಕಾಗಿಲ್ಲ. ಬಾಯರ್ನ್ ಟಿಕೆಟ್ ಎಂಬ ಒಂದು ದಿನದ ಟಿಕೆಟ್ ಇದೆ. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ಎರಡನೆಯವರಿಂದ ಸೇರುವ ಹಣ ಕಡಿಮೆ. ಮ್ಯೂನಿಕ್ ಇರುವ ಬವೇರಿಯ ರಾಜ್ಯದ ಪ್ರಾದೇಶಿಕ ರೈಲುಗಳಲ್ಲೂ ಮ್ಯೂನಿಕ್‌ನ ನಗರ ಸಾರಿಗೆಯಲ್ಲೂ ಸಾಲ್ಜ್‌ಬರ್ಗ್‌ವರೆಗೂ ಅದು ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9ರ ನಂತರವೇ ಹತ್ತಬೇಕು, ಮಾರನೆಯ ದಿನ ನಸುಕಿನ 3ರವರೆಗೆ ನಡೆಯುತ್ತದೆ. ಶನಿವಾರ, ಭಾನುವಾರ, ರಜಾದಿನಗಳಲ್ಲಿ 9ರ ನಿರ್ಬಂಧವಿಲ್ಲ. ಎರಡೋ ಮೂರೋ ಸಲ ಮಾತ್ರ ಊರಾಚೆ ಹೋಗುವವರಿಗೆ, ಅದರಲ್ಲೂ ವಾರಾಂತ್ಯದಲ್ಲಿ ಮಗನೂ ಜೊತೆಗೆ ಬರುವುದಾದರೆ, ಇದೇ ಮೇಲು. ನಿಮ್ಮಂತೆ ದಿನವೂ ಹೊರಡುವ ಉತ್ಸಾಹವಿರುವವರಿಗೆ ಮಾತ್ರ ಮಾಸಿಕ ಪಾಸು ಲಾಭ.

ಎಲ್ಲರೂ ಬವೇರಿಯದ ದೊರೆ ಎರಡನೆಯ ಲುಡ್ವಿಗ್ ಕಟ್ಟಿಸಿದ ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋಗಿ ಎನ್ನುತ್ತಾರೆ. ಹೋಗುವುದಾದರೆ ಒಳಗಿನ ಪ್ರವೇಶಕ್ಕೆ ಗಂಟೆ ನಿಮಿಷ ಗೊತ್ತುಮಾಡಿದ ಟಿಕೆಟನ್ನು ಮೊದಲೇ ಕಾಯ್ದಿರಿಸಿ. ಫ್ಯೂಸೆನ್‌ವರೆಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ 73 ಅಥವಾ 78ನೆಯ ಬಸ್ಸಿನಲ್ಲಿ ಬೆಟ್ಟದ ತಪ್ಪಲು, ಆಮೇಲೆ ಅರ್ಧ ಗಂಟೆಗೂ ಮೀರಿದ ಏರುದಾರಿ. ಕುದುರೆ ಗಾಡಿ ಇದೆ, ಆದರೆ ಅದು ಅರಮನೆಯ ಬಾಗಿಲವರೆಗೆ ಹೋಗುವುದಿಲ್ಲ. ಒಳಗೂ ಮೆಟ್ಟಿಲುಗಳು ಬಹಳ. ನಿಮ್ಮ ಮನೆಯವರಿಗೆ ಇದು ಆಯಾಸವಾದೀತು. ಅದೇ ದೊರೆ ಕಟ್ಟಿಸಿದ ಹೆರೆನ್‌ಕೀಮ್‌ಸೇ ಅರಮನೆ ಸರೋವರದ ನಡುವಿನ ದ್ವೀಪದಲ್ಲಿದೆ, ದಾರಿ ಬಹುಪಾಲು ಸಮತಟ್ಟು. ಸಾಲ್ಜ್‌ಬರ್ಗ್ ಮಾರ್ಗದ ರೈಲಿನಲ್ಲೇ ಸುಮಾರು ಒಂದು ಗಂಟೆ ಪ್ರಯಾಣ ಮಾಡಿ ಪ್ರೀನ್ ಎಂಬಲ್ಲಿ ಇಳಿದರೆ, ದೋಣಿಯ ಕಟ್ಟೆ ಎರಡು ಕಿಲೋಮೀಟರ್ ದೂರ. 1887ರಿಂದ ಇರುವ ಪುಟ್ಟ ರೈಲು ಅಲ್ಲಿಗೆ ಕರೆದೊಯ್ಯುತ್ತದೆ, ಆದರೆ ಅದು ಓಡುವ ದಿನಗಳನ್ನು ಮೊದಲೇ ನೋಡಿಕೊಳ್ಳಬೇಕು. ಆ ರೈಲಿಗೂ ದೋಣಿಗೂ ನಿಮ್ಮ ಪಾಸು ನಡೆಯುವುದಿಲ್ಲ.

ಮರುಮಾತು: ನಿವೃತ್ತ ಇತಿಹಾಸ ಶಿಕ್ಷಕ, ಹಾಸನ

ಸಕಲೇಶಪುರದ ತಾಯಿಗೂ ಮೂಡಿಗೆರೆಯ ಗೌಡರಿಗೂ ಚಿಕ್ಕಮಗಳೂರಿನ ತಮ್ಮನಿಗೂ ಮನಃಪೂರ್ವಕ ವಂದನೆಗಳು. ಮಗನೊಂದಿಗೆ ಮಾತನಾಡಿ ದಿನಾಂಕ ಬದಲಿಸಿದ್ದೇವೆ. ಜೂನ್ 2ಕ್ಕೆ ಮ್ಯೂನಿಕ್ ತಲುಪಿ 24ಕ್ಕೆ ಮರಳುವಂತೆ ಟಿಕೆಟ್ ತೆಗೆಸಿಯೂ ಆಯಿತು.

ನಿಮ್ಮ ಉತ್ತರಗಳನ್ನು ಓದಿದ ಮೇಲೆ ನಾನು ಎರಡನೆಯ ಲುಡ್ವಿಗ್ ದೊರೆಯ ಚರಿತ್ರೆಯನ್ನು ಮತ್ತೆ ತೆರೆದು ಕುಳಿತೆ. ಹಳೇಬೀಡಿಗೆ ಹೋಗುವ ಮೊದಲು ವಿಷ್ಣುವರ್ಧನನ ಕಥೆ ಹೇಳದೆ ನಾನು ಮಕ್ಕಳನ್ನು ಬಸ್ಸು ಹತ್ತಿಸುತ್ತಿರಲಿಲ್ಲ. ನೋಡುವ ಜಾಗಗಳನ್ನು ಒಂದೇ ಎಳೆಯಲ್ಲಿ ಕೋದರೆ ಅವು ಮನಸ್ಸಿನಲ್ಲಿ ಉಳಿಯುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಊರುಗಳ ಪಟ್ಟಿಯನ್ನು ಬಿಟ್ಟು ಆ ದೊರೆಯ ಬದುಕಿನ ಕ್ರಮದಲ್ಲಿಯೇ ನಮ್ಮ ದಿನಗಳನ್ನು ಹೊಂದಿಸಿಕೊಂಡಿದ್ದೇನೆ. ಅವನು 1845ರಲ್ಲಿ ಹುಟ್ಟಿದ ನಿಂಫೆನ್‌ಬುರ್ಗ್ ಅರಮನೆಗೆ ಊರೊಳಗಿನ 17ನೆಯ ಟ್ರಾಮ್‌ನಲ್ಲಿ ಹೋಗುತ್ತೇವೆ. ಮುಂದಿನ ವಾರ, 1878ರಲ್ಲಿ ಕೆಲಸ ಆರಂಭವಾಗಿ ಕೊನೆಗೂ ಪೂರ್ತಿಯಾಗದೆ ಉಳಿದ ಹೆರೆನ್‌ಕೀಮ್‌ಸೇ. ನೊಯ್‌ಶ್ವಾನ್‌ಸ್ಟೈನ್ ಅರಮನೆಯನ್ನು ಕೆಳಗಿನಿಂದ ನೋಡಿದರೆ ಸಾಕೆಂದು ಶ್ರೀಮತಿ ಹೇಳಿದ್ದಾರೆ. ತಪ್ಪಲಿನ ಕೆರೆಯ ದಂಡೆಯಲ್ಲಿ ಬುತ್ತಿ ಉಂಡು ಬರುತ್ತೇವೆ. ನೊಯ್‌ಶ್ವಾನ್‌ಸ್ಟೈನ್, ಹೆರೆನ್‌ಕೀಮ್‌ಸೇ ಅರಮನೆಗಳು ಈಗ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ, 2025ರಲ್ಲಿ ಸೇರಿದವು. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳು ಅದೇ ಪಟ್ಟಿಗೆ 2023ರಲ್ಲಿ ಸೇರಿದ್ದವು ಎಂಬುದನ್ನು ಅಲ್ಲಿ ನಿಂತು ನೆನೆಯಬೇಕೆಂದಿದ್ದೇನೆ.

ದೊರೆ 1886ರ ಜೂನ್ 13ರಂದು ಸ್ಟಾರ್ನ್‌ಬೆರ್ಗ್ ಸರೋವರದಲ್ಲಿ ಸತ್ತನು. ನಾವಿರುವಾಗಲೇ ಆ ತಾರೀಖು ಬರುತ್ತದೆ, ಶನಿವಾರವಾದ್ದರಿಂದ ಮಗನೂ ಬರಬಲ್ಲನು. ಎಸ್6 ಗಾಡಿಯಲ್ಲಿ ಅಲ್ಲಿಗೆ ಹೋಗಬಹುದೆಂದು ನಕ್ಷೆಯಲ್ಲಿ ಕಂಡಿದ್ದೇನೆ. ಇದರಲ್ಲಿ ತಿದ್ದಬೇಕಾದದ್ದು ಏನಾದರೂ ಇದೆಯೇ?

ಉತ್ತರ 4: ಸಕಲೇಶಪುರದವಳು

ಮೇಷ್ಟ್ರೇ, ಎಂಟು ವರ್ಷ ಇಲ್ಲಿದ್ದೂ ಆ ಅರಮನೆಗಳನ್ನು ನಾನು ಹೀಗೆ ಜೋಡಿಸಿ ನೋಡಿರಲಿಲ್ಲ. ತಿದ್ದುವಂಥದ್ದು ಸ್ವಲ್ಪವೇ ಇದೆ. ಜೂನ್ 4ರ ಗುರುವಾರ ಇಲ್ಲಿ ಕ್ರೈಸ್ತರ ಹಬ್ಬದ ರಜೆ, ಅಂಗಡಿಗಳು ತೆರೆಯುವುದಿಲ್ಲ. ಬಂದ ಮರುದಿನ 3ರಂದೇ ಹಾಲು, ಮೊಸರು, ತರಕಾರಿ ತಂದಿಟ್ಟುಕೊಳ್ಳಿ. 5ರವರೆಗೆ ಬವೇರಿಯದ ಶಾಲೆಗಳಿಗೂ ರಜೆಯಿರುವುದರಿಂದ ಸರೋವರದ ಕಡೆಯ ರೈಲುಗಳು ತುಂಬಿರುತ್ತವೆ. ಹೆರೆನ್‌ಕೀಮ್‌ಸೇ 8ರ ನಂತರವೇ ಇರಲಿ. ಪಾಸನ್ನು ರದ್ದುಪಡಿಸುವ ಕೊನೆಯ ದಿನ ಜೂನ್ 10 ಎಂಬುದನ್ನು ಮಗನಿಗೆ ಮತ್ತೊಮ್ಮೆ ನೆನಪಿಸಿ.

ಜೂನ್ 13ರ ಶನಿವಾರ ಎಸ್6 ಮಾರ್ಗದಲ್ಲಿ ದುರಸ್ತಿ ಕೆಲಸವಿದೆಯೇ ಎಂದು ಹಿಂದಿನ ರಾತ್ರಿಯೇ ನೋಡಲು ಮಗನಿಗೆ ಹೇಳಿ. ಅಂತಹ ಕೆಲಸಗಳನ್ನು ಹೆಚ್ಚಾಗಿ ವಾರಾಂತ್ಯದಲ್ಲೇ ಇಟ್ಟುಕೊಳ್ಳುತ್ತಾರೆ, ಆಗ ರೈಲಿಗೆ ಬದಲಾಗಿ ಬಸ್ಸು ಓಡಿಸುತ್ತಾರೆ. ದೊರೆ ಸತ್ತ ಜಾಗ ಸ್ಟಾರ್ನ್‌ಬೆರ್ಗ್ ಊರಿನಲ್ಲಲ್ಲ, ಸರೋವರದ ಪೂರ್ವ ದಂಡೆಯ ಬೆರ್ಗ್ ಎಂಬ ಹಳ್ಳಿಯ ಬಳಿ. ಸ್ಟಾರ್ನ್‌ಬೆರ್ಗ್ ನಿಲ್ದಾಣದಿಂದ ಇಳಿದರೆ ಎದುರಿಗೇ ಸರೋವರ, ಅಲ್ಲಿಂದ ಬೆರ್ಗ್‌ಗೆ ಬಸ್ಸು ಇದೆ. ದಂಡೆಯಲ್ಲಿ ಒಂದು ಸ್ಮಾರಕ ಗುಡಿಯಿದೆ, ನೀರಿನೊಳಗೆ ಒಂದು ಶಿಲುಬೆ ನೆಟ್ಟಿದ್ದಾರೆ.

ನಿಮ್ಮ ಎಳೆಗೆ ಇನ್ನೊಂದು ಜಾಗ ಸೇರಿಸಿಕೊಳ್ಳಿ. ದೊರೆಯನ್ನು ಮಣ್ಣು ಮಾಡಿರುವುದು ಮ್ಯೂನಿಕ್‌ನ ಸಂತ ಮೈಕೇಲ್ ಚರ್ಚಿನ ನೆಲಮಾಳಿಗೆಯಲ್ಲಿ. ಅದು ಕಾರ್ಲ್ಸ್‌ಪ್ಲಾಟ್ಸ್ ಮತ್ತು ಮರಿಯನ್‌ಪ್ಲಾಟ್ಸ್ ನಡುವಿನ ಬೀದಿಯಲ್ಲಿದೆ, ಅಲ್ಲಿ ವಾಹನಗಳ ಓಡಾಟವಿಲ್ಲ. ಆ ದಿನ ಎಸ್6 ಗಾಡಿಯಲ್ಲಿ ಮರಳುವಾಗ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಇಳಿದರೆ ಐದು ನಿಮಿಷದ ನಡಿಗೆ. ನೆಲಮಾಳಿಗೆ ಮುಚ್ಚುವ ಹೊತ್ತನ್ನು ಮೊದಲೇ ತಿಳಿದುಕೊಂಡು ಬೆರ್ಗ್‌ನಿಂದ ಹೊರಡಿ. ಕೆಳಗೆ ಇಳಿಯಲು ಮೆಟ್ಟಿಲುಗಳಿವೆ, ಅಮ್ಮನವರು ಮೇಲಿನ ಸಭಾಂಗಣದಲ್ಲಿ ಕುಳಿತಿರಬಹುದು.